ನೀಲಗಿರಿಯಲ್ಲಿ ದುಡಿಮೆ ಮತ್ತು ಮನಸ್ಸು

ಮಾಡುವ ಕೆಲಸವು ಮನುಷ್ಯನ ಹೆಮ್ಮೆ, ಭಯ, ದಣಿವು, ಬೇಸರ, ಅಕ್ಕರೆಗಳನ್ನು ರೂಪಿಸುವ ಬಗೆಯನ್ನು ತಮಿಳುನಾಡಿನ ನೀಲಗಿರಿ ಜಿಲ್ಲೆಯ ಅನುಭವದಿಂದ ವಿವರಿಸುವ ಲೇಖನ ಇದು. ಕರ್ನಾಟಕ ಮತ್ತು ಕೇರಳದ ಗಡಿಗೆ ಅಂಟಿಕೊಂಡ ಈ ಪುಟ್ಟ ಜಿಲ್ಲೆಯಲ್ಲಿ ಎಮ್ಮೆ ಸಾಕಣೆ, ಕಮ್ಮಾರಿಕೆ, ಬೆಟ್ಟದ ಬೇಸಾಯ, ಚಹಾ ತೋಟದ ಕೂಲಿ, ಜೀತ, ಸರ್ಕಾರಿ ಕಾರ್ಖಾನೆ, ಆನೆ ಪಳಗಿಸುವಿಕೆ, ಪ್ರವಾಸೋದ್ಯಮ ಎಲ್ಲವೂ ಒಂದರ ಮೇಲೊಂದು ಬಂದು ಕೂತಿವೆ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರೂ, ಬೆಟ್ಟಕುರುಂಬ, ಕಾಟುನಾಯಕ ಸಮುದಾಯಗಳೂ ಈ ಎಲ್ಲ ಬದಲಾವಣೆಗಳ ನಡುವೆಯೇ ಬದುಕಿವೆ. ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಇಲ್ಲಿ ಮನಸ್ಸನ್ನು ಕುಗ್ಗಿಸಿದ್ದು ಕೆಲಸದ ಭಾರಕ್ಕಿಂತ ಹೆಚ್ಚಾಗಿ, ಕೆಲಸದ ಲಗಾಮು ಬೇರೆಯವರ ಕೈಗೆ ಹೋದದ್ದು.

ಕೊಡುಕೊಳ್ಳುವಿಕೆಯ ಕಾಲ

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದಾಗ ಅಲ್ಲಿ ಕೂಲಿ ಎಂಬ ಪದ್ಧತಿ ಇರಲಿಲ್ಲ ಎನ್ನಬಹುದು. ತೊದರು ಎಮ್ಮೆ ಸಾಕಿ ತುಪ್ಪ ಕೊಡುತ್ತಿದ್ದರು. ಕೋತರು ಕುಡುಗೋಲು, ಗುದ್ದಲಿ, ಮಡಕೆ ಮಾಡಿಕೊಟ್ಟು ಮದುವೆ, ಸಾವುಗಳಲ್ಲಿ ವಾದ್ಯ ನುಡಿಸುತ್ತಿದ್ದರು. ಬಡಗರು ರಾಗಿ, ಸಾಮೆ ಬೆಳೆದು ಸುಗ್ಗಿಯಲ್ಲಿ ಅವರೆಲ್ಲರ ಪಾಲು ಅಳೆದು ಕೊಡುತ್ತಿದ್ದರು. ಕುರುಂಬರು ಕಾಡಿನಿಂದ ಜೇನು ತರುವುದರ ಜೊತೆಗೆ ಬಡಗರ ಹೊಲದ ಮೊದಲ ಬಿತ್ತನೆಗೆ ಶಾಸ್ತ್ರ ಮಾಡುತ್ತಿದ್ದರು. ಒಂದು ಬಡಗ ಮನೆಗೆ ಇಂಥದೇ ಕೋತ ಮನೆ ಎಂದು ಗೊತ್ತಿರುತ್ತಿತ್ತು; ಆ ನಂಟು ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಕುಡುಗೋಲು ಯಾರ ಕೈಯಲ್ಲಿ ಸವೆಯುತ್ತದೆ ಎಂಬುದು ಅದನ್ನು ಬಡಿದವನಿಗೆ ತಿಳಿದಿರುತ್ತಿತ್ತು.

ಇದನ್ನು ಸುವರ್ಣಯುಗ ಎಂದುಕೊಳ್ಳುವುದು ತಪ್ಪು. ಮಡಿಮೈಲಿಗೆಯ ಮೆಟ್ಟಿಲುಗಳು ಗಟ್ಟಿಯಾಗಿದ್ದವು, ಕೋತರಿಗೆ ಅದರ ಅವಮಾನ ತಪ್ಪಿರಲಿಲ್ಲ. ಬೇಸಾಯದ ಆತಂಕವೂ ತನ್ನ ದಾರಿ ಹುಡುಕಿಕೊಂಡಿತ್ತು. ಪೈರು ಒಣಗಿದರೆ, ದನ ಸತ್ತರೆ, ಮಗು ಕಾಯಿಲೆ ಬಿದ್ದರೆ ಕುರುಂಬರ ಮಾಟವೇ ಕಾರಣ ಎಂಬ ನಂಬಿಕೆ ಬಡಗ, ತೊದ, ಕೋತರಲ್ಲಿ ಬೇರೂರಿತ್ತು. ಹೊಲಕ್ಕೆ ರಕ್ಷೆ ಕಟ್ಟಬೇಕಾದವನೇ ಹೊಲವನ್ನು ಕೆಡಿಸಬಲ್ಲವನೂ ಆಗಿದ್ದ. 19ನೇ ಶತಮಾನದಲ್ಲಿ ಈ ಭಯ ಹಲವು ಸಲ ಕುರುಂಬರ ಸಾಮೂಹಿಕ ಕೊಲೆಗಳಿಗೆ ತಿರುಗಿತು. 1835ರ ಘಟನೆ ಅವುಗಳಲ್ಲಿ ಮೊದಲು ದಾಖಲಾದವುಗಳಲ್ಲೊಂದು. ಮಳೆಯ ಮೇಲೆ, ರೋಗದ ಮೇಲೆ ಯಾವ ಹಿಡಿತವೂ ಇಲ್ಲದ ರೈತನ ಕಳವಳ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಕ್ರೂರ ನಿದರ್ಶನ ಈ ಬೆಟ್ಟದಲ್ಲಿ ಇಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞ ಡೇವಿಡ್ ಮ್ಯಾಂಡೆಲ್‌ಬಾಮ್ 1930ರ ದಶಕದ ಕೊನೆಗೆ ಕೋತರ ನಡುವೆ ಕೆಲಸ ಮಾಡುವ ಹೊತ್ತಿಗೆ ಈ ವ್ಯವಸ್ಥೆ ಬಿರುಕು ಬಿಟ್ಟಿತ್ತು. ಸಂತೆಯಲ್ಲಿ ಕಬ್ಬಿಣದ ಸಾಮಾನು ಸಿಗತೊಡಗಿತ್ತು. ಬಡಗ ಸುಧಾರಕರು ತಮ್ಮವರ ಸಾವಿಗೆ ಕೋತರ ವಾದ್ಯ ಬೇಡವೆನ್ನತೊಡಗಿದ್ದರು. ಕೋತರಿಗೆ ಇದರಿಂದ ಧಾನ್ಯವೂ ತಪ್ಪಿತು, ಬೇಕಾದವರೆಂಬ ಮನ್ನಣೆಯೂ ತಪ್ಪಿತು. ಎರಡನೆಯ ನಷ್ಟಕ್ಕೆ ಬೇಸಾಯ ಮಾಡಿ ಪರಿಹಾರ ಕಂಡುಕೊಳ್ಳುವುದು ಸುಲಭವಿರಲಿಲ್ಲ.

ರಿವರ್ಸ್ ಮತ್ತು ತೊದರ ಹೈನುಮನೆ

ಕೆಲಸ ಮತ್ತು ಮನಸ್ಸಿನ ಅಧ್ಯಯನದ ಚರಿತ್ರೆಯಲ್ಲಿ ನೀಲಗಿರಿಗೆ ಒಂದು ವಿಶೇಷ ಸ್ಥಾನವಿದೆ. ಅದನ್ನು ಬಹುಮಂದಿ ಗಮನಿಸಿಲ್ಲ. ಕೇಂಬ್ರಿಜ್‌ನ ವೈದ್ಯ, ಮನೋವಿಜ್ಞಾನಿ ಡಬ್ಲ್ಯು. ಎಚ್. ಆರ್. ರಿವರ್ಸ್ 1901-02ರಲ್ಲಿ ಉದಕಮಂಡಲದ ಸುತ್ತ ತಂಗಿ ತೊದರನ್ನು ಅಭ್ಯಸಿಸಿದ. ಅವನ ಬೃಹತ್ ಗ್ರಂಥ 'ದಿ ತೊಡಾಸ್' 1906ರಲ್ಲಿ ಹೊರಬಂತು. ಅದಕ್ಕೂ ಮುನ್ನ, 1905ರಲ್ಲಿ, ತೊದರ ದೃಷ್ಟಿ, ಸ್ಪರ್ಶ, ನೋವಿನ ಅರಿವುಗಳನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದ್ದ. ಕೆಂಪು ಹಸಿರು ಬಣ್ಣಗಳನ್ನು ಬೇರ್ಪಡಿಸಲಾರದ ವರ್ಣಾಂಧತೆ ತೊದ ಗಂಡಸರಲ್ಲಿ ಹೆಚ್ಚೆಂದು ಕಂಡದ್ದು ಆಗಲೇ.

ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅವನು ಬರೆದಿಟ್ಟ ಹೈನುಗಾರ ಪೂಜಾರಿಯ ಬದುಕು. ತೊದರಲ್ಲಿ ಹಾಲು ಕರೆಯುವುದು, ಕಡೆಯುವುದು, ಬೆಣ್ಣೆ ಕಾಯಿಸುವುದು ಬರಿಯ ಕಸುಬಲ್ಲ, ಪೂಜೆ. ಹೈನುಮನೆಗಳಲ್ಲಿ ಮೇಲು ಕೀಳಿನ ದರ್ಜೆಗಳಿದ್ದವು. ಅತ್ಯುನ್ನತ ದರ್ಜೆಯದಕ್ಕೆ ತೀ ಎಂದೂ ಅದರ ಪೂಜಾರಿಗೆ ಪಾಲೋಲ್ ಎಂದೂ ಹೆಸರು. ಪಾಲೋಲ್ ಆದವನು ಹೆಂಡತಿಯಿಂದ ದೂರವಿರಬೇಕು, ತನ್ನ ಊರಿಗೆ ಹೋಗಕೂಡದು, ಸಾಮಾನ್ಯರು ಅವನನ್ನು ಮುಟ್ಟುವಂತಿಲ್ಲ. ಗೊತ್ತಾದ ದಿನಗಳ ಹೊರತು ಜನ ದೂರದಲ್ಲೇ ನಿಂತು ಕೂಗಿ ಮಾತಾಡಬೇಕು. ತನ್ನ ಬಳಗದಲ್ಲಿ ಸಾವಾಗಿ ಅಂತ್ಯಕ್ರಿಯೆಗೆ ಹೋದರೆ ಅವನ ಹುದ್ದೆ ಹೋಯಿತು. ಕೆಲಸವು ಮನೆಯನ್ನು ಪೂರ್ತಿ ನುಂಗಿಬಿಡುವ ಇಂಥ ನೇಮವನ್ನು ಇಂದಿನವರು ಶೋಷಣೆ ಎಂದಾರು. ಆದರೂ ಬೇಡವಾದಾಗ ಪಾಲೋಲ್ ಆ ಹುದ್ದೆ ಬಿಟ್ಟು ಸಂಸಾರಕ್ಕೆ ಮರಳಬಹುದಿತ್ತು. ಕಟ್ಟುಪಾಡು ಎಷ್ಟೇ ಬಿಗಿಯಾಗಿರಲಿ, ಹೊರಬಾಗಿಲು ತೆರೆದಿತ್ತು. 20ನೇ ಶತಮಾನದಲ್ಲಿ ತೀ ಪದ್ಧತಿ ಕಣ್ಮರೆಯಾಯಿತು. ಕೆಳದರ್ಜೆಯ ಹೈನುಮನೆಗಳು ಮಂದು ಎಂಬ ತೊದರ ಹಟ್ಟಿಗಳು ಕೆಲವುದರಲ್ಲಿ ಉಳಿದುಕೊಂಡವು.

ಮೊದಲ ಮಹಾಯುದ್ಧ ಬಂದಾಗ ಇದೇ ರಿವರ್ಸ್ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಯುದ್ಧದ ಆಘಾತಕ್ಕೆ ಸಿಕ್ಕಿ ನಿದ್ದೆ ಕೆಟ್ಟ ಅಧಿಕಾರಿಗಳಿಗೆ ಚಿಕಿತ್ಸೆ ಕೊಟ್ಟ. ಕವಿ ಸಿಗ್‌ಫ್ರೀಡ್ ಸಸೂನ್ 1917ರಲ್ಲಿ ಅವನ ರೋಗಿಯಾಗಿದ್ದ. ಮುಂದೆ ವಿಮಾನದಳದವರನ್ನು ನೋಡುವಾಗ ರಿವರ್ಸ್‌ಗೆ ಕಂಡದ್ದು ಕುತೂಹಲದ ಸಂಗತಿ. ವಿಮಾನ ನಡೆಸುವವನಿಗಿಂತ, ಹಗ್ಗಕ್ಕೆ ಕಟ್ಟಿದ ಬಲೂನಿನಲ್ಲಿ ಸುಮ್ಮನೆ ಕುಳಿತು ಶತ್ರುವನ್ನು ಗಮನಿಸುತ್ತಿದ್ದವನ ಮನಸ್ಸು ಹೆಚ್ಚು ಕೆಡುತ್ತಿತ್ತು. ಅಪಾಯ ಇಬ್ಬರಿಗೂ ಇತ್ತು. ಆದರೆ ಒಬ್ಬನ ಕೈಯಲ್ಲಿ ಚುಕ್ಕಾಣಿ ಇತ್ತು, ಇನ್ನೊಬ್ಬನದು ಕೈಕಟ್ಟಿ ಕೂರುವ ಕೆಲಸ. 1979ರಲ್ಲಿ ರಾಬರ್ಟ್ ಕರಾಸೆಕ್ ಮಂಡಿಸಿದ ಕೆಲಸದ ಒತ್ತಡದ ಸಿದ್ಧಾಂತವೂ ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ಮೈಕೆಲ್ ಮಾರ್ಮಟ್ ತಂಡ ನಡೆಸಿದ ದೀರ್ಘ ಅಧ್ಯಯನವೂ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಕೆಲಸದ ಒತ್ತಡ ಜಾಸ್ತಿಯಾಗಿ, ಅದರ ಮೇಲಿನ ಹಿಡಿತ ಕಡಿಮೆಯಾದಲ್ಲಿ ಮನಸ್ಸೂ ಹೃದಯವೂ ಸೋಲುತ್ತವೆ. ನೀಲಗಿರಿಯ ತೋಟಗಳನ್ನು ಅರಿಯಲು ಈ ಮಾತು ಬೇಕು.

ತೋಟ, ತಕ್ಕಡಿ, ಲೈನ್ ಮನೆ

ಬೆಟ್ಟದ ಮೇಲಿನ ತೋಟದ ದುಡಿಮೆಯ ಮೇಲೆ ಮೊದಮೊದಲು ಸೆರೆಯ ನೆರಳೂ ಇತ್ತು. 1860ರ ದಶಕದಲ್ಲಿ ನಡುವಟ್ಟಂ ಸುತ್ತ ಮಲೇರಿಯಾ ಔಷಧಿಗಾಗಿ ಸಿಂಕೋನಾ ಬೆಳೆಸಿದಾಗ ಕೈದಿಗಳನ್ನು ದುಡಿಸಿದರು, ಅವರಲ್ಲಿ ಚೀನೀಯರೂ ಇದ್ದರು. ಆಮೇಲೆ ಚಹಾ ಹಬ್ಬಿತು. ಬಯಲಿನಿಂದ ಕಂಗಾಣಿಗಳೆಂಬ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತಂದರು. ತೋಟದ ಮಾಲೀಕರ ಒಕ್ಕೂಟವಾದ ಉಪಾಸಿ 1893ರಲ್ಲಿ ಹುಟ್ಟಿತು, ಅದರ ಕೇಂದ್ರ ಕೂನೂರಿನಲ್ಲಿದೆ.

ಚಹಾ ಎಲೆ ಕೀಳುವುದು ಹೊರಗಿನಿಂದ ನೋಡುವವರಿಗೆ ಹಗುರವಾಗಿ ಕಾಣುತ್ತದೆ. ಎರಡೆಲೆ, ಒಂದು ಕುಡಿ. ಬೆರಳು ತಾನಾಗಿ ಓಡುತ್ತದೆ. ಇಳಿಜಾರಿನಲ್ಲಿ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಊರಿ, ಬೆನ್ನ ಮೇಲೆ ಒದ್ದೆ ಎಲೆಯ ಚೀಲ ಹೊತ್ತು, ಮಂಜಿನಲ್ಲಿ ಜಿಗಣೆ ಕಿತ್ತೆಸೆಯುತ್ತ ದಿನಕ್ಕೆ ಹಲವು ಸಲ ತೂಕಕ್ಕೆ ಸಾಲುಗಟ್ಟುವುದು ಮಾತ್ರ ಪ್ರವಾಸಿಯ ಫೋಟೊದಲ್ಲಿ ಬರುವುದಿಲ್ಲ. ಗೊತ್ತಾದ ಕಿಲೋ ಮೀರಿದರೆ ಹೆಚ್ಚಿನ ಕಾಸು, ತಪ್ಪಿದರೆ ಮೇಸ್ತ್ರಿಯ ಮಾತು. ಮಳೆಯ ದಿನ ಎಲೆಯಲ್ಲಿನ ನೀರಿಗೆಂದು ತೂಕ ಕಳೆಯುವುದರ ಸುತ್ತ ಚಹಾ ತೋಟಗಳಲ್ಲಿ ಹಳೆಯ ಜಗಳವಿದೆ. ಕಿತ್ತವಳ ಲೆಕ್ಕ ಬೆನ್ನಿನದು, ಬರೆದುಕೊಳ್ಳುವವನ ಲೆಕ್ಕ ತಕ್ಕಡಿಯ ಮುಳ್ಳಿನದು. ಈ ಎರಡರ ನಡುವಿನ ಅಂತರವೇ ತೋಟದ ಕೆಲಸದಲ್ಲಿ ದಿನದಿನದ ಕಿರಿಕಿರಿಯಾಗಿ, ಕೆಲವೊಮ್ಮೆ ಅವಮಾನವಾಗಿ ಉಳಿಯುತ್ತದೆ. ಸಾಲಿನಲ್ಲಿ ಜೊತೆಗೆ ಕೀಳುವವರ ಮಾತು, ನಗು, ಹಾಡು ಇದನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವಂತೆ ಮಾಡಿವೆ. ಕತ್ತರಿ, ಯಂತ್ರ ಬಂದ ಮೇಲೆ ಗದ್ದಲ ಹೆಚ್ಚಿ ಆ ಮಾತಿಗೂ ಜಾಗ ಕಡಿಮೆಯಾಗಿದೆ.

1951ರ ತೋಟ ಕಾರ್ಮಿಕ ಕಾಯ್ದೆ ಮನೆ, ಆಸ್ಪತ್ರೆ, ಶಿಶುಪಾಲನೆಯ ಹೊಣೆಯನ್ನು ಮಾಲೀಕನ ಮೇಲೆ ಹಾಕಿತು. ಒಳ್ಳೆಯ ಕಾಯ್ದೆ. ಆದರೆ ಅದರಿಂದಲೇ ಲೈನ್ ಮನೆ, ಅಂದರೆ ಆಳುಗಳ ಸಾಲುಮನೆ, ಕೆಲಸಕ್ಕೆ ಗಂಟುಬಿತ್ತು. ನಿವೃತ್ತಿಯಾದರೆ ಮನೆ ಬಿಡಬೇಕು. ಹಾಗಾಗಿ ಮನೆ ಉಳಿಯಲೆಂದೇ ಮಗನೋ ಸೊಸೆಯೋ ತೋಟಕ್ಕೆ ಹೆಸರು ಹಚ್ಚಿಸುವುದುಂಟು. ಓದಿದ ಮಕ್ಕಳ ಒಲವು ಒಂದು ಕಡೆ, ಮುದುಕರ ಸೂರಿನ ಚಿಂತೆ ಇನ್ನೊಂದು ಕಡೆ. ತೋಟದ ಕುಟುಂಬಗಳೊಳಗಿನ ಮುನಿಸುಗಳಿಗೆ ಸ್ವಭಾವದಲ್ಲಿ ಕಾರಣ ಹುಡುಕುವ ಮೊದಲು ಈ ನಿಯಮವನ್ನು ನೋಡಬೇಕು.

ನೆಲೆ ಹೀಗೆ ಕೆಲಸಕ್ಕೆ ಗಂಟುಬಿದ್ದುದರ ತೀವ್ರ ರೂಪ ಕಂಡದ್ದು ಸಿಲೋನಿನಿಂದ ಮರಳಿದವರಲ್ಲಿ. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಮಂದಿ ತೋಟ ತಮಿಳರನ್ನು ಭಾರತ ಕರೆಸಿಕೊಳ್ಳಬೇಕಾಯಿತು. ತಲೆಮಾರುಗಳಿಂದ ಅಲ್ಲಿಯೇ ಹುಟ್ಟಿ ಬೆಳೆದವರನ್ನು ಎರಡು ಸರ್ಕಾರಗಳು ಅಂಕಿ ಹಾಕಿ ಹಂಚಿಕೊಂಡವು. ಅವರ ಪುನರ್ವಸತಿಗಾಗಿ ತಮಿಳುನಾಡು ಅರಣ್ಯ ಇಲಾಖೆ 1968ರಲ್ಲಿ ಗೂಡಲೂರು, ಪಂದಲೂರು, ಕೋತಗಿರಿ ಕಡೆಗಳಲ್ಲಿ ಸರ್ಕಾರಿ ಚಹಾ ತೋಟ ಆರಂಭಿಸಿತು. ಅದೇ ಮುಂದೆ ಟ್ಯಾಂಟೀ ನಿಗಮವಾಯಿತು. ನಾಡು ಹೋಗಿತ್ತು, ನೆಂಟರು ಸಮುದ್ರದ ಆಚೆ ಉಳಿದಿದ್ದರು, ಸುತ್ತಲಿನವರಿಗೆ ಇವರು 'ಸಿಲೋನ್‌ನವರು'. ಬದಲಾಗದೆ ಜೊತೆಗೆ ಬಂದದ್ದು ಎಲೆ ಕೀಳುವ ಬೆರಳಿನ ಅಭ್ಯಾಸ ಒಂದೇ. ಹೊಸ ನೆಲದಲ್ಲಿ ಇವರು ಕುಸಿದುಬೀಳದಂತೆ ಹಿಡಿದಿಟ್ಟದ್ದರಲ್ಲಿ ಆ ಅಭ್ಯಾಸದ ಪಾಲು ದೊಡ್ಡದು ಎಂದೇ ತೋರುತ್ತದೆ. ಕಟ್ಟಿಹಾಕಿದ ಕೆಲಸವೇ ಊರುಗೋಲೂ ಆದದ್ದು ಹೀಗೆ. ಟ್ಯಾಂಟೀ ನಷ್ಟಕ್ಕಿಳಿದು 2022ರಲ್ಲಿ 2,000 ಹೆಕ್ಟೇರಿಗೂ ಹೆಚ್ಚು ತೋಟವನ್ನು ಅರಣ್ಯ ಇಲಾಖೆಗೆ ಹಿಂದಿರುಗಿಸುವ ತೀರ್ಮಾನವಾದಾಗ ಎರಡನೆಯ ಸಲ ನೆಲೆ ತಪ್ಪುವ ಭಯ ಆ ಲೈನ್ ಮನೆಗಳಲ್ಲಿ ಮೂಡಿತು.

ಸಣ್ಣ ಬೆಳೆಗಾರ

ಬಡಗರ ಹಟ್ಟಿಗಳಲ್ಲಿ ರಾಗಿ, ಸಾಮೆ ಹೋಗಿ ಆಲೂಗಡ್ಡೆ ಬಂದಿತ್ತು. 1961ರಲ್ಲಿ ಉದಕಮಂಡಲದ ಸುತ್ತ ಆಲೂಗಡ್ಡೆಯ ಬೇರಿಗೆ ಹತ್ತುವ ಜಂತುಹುಳು ಪತ್ತೆಯಾಯಿತು. ಆ ಬಾಧೆಯೂ ಸೇರಿ ಹಲವರು ಚಹಾಕ್ಕೆ ತಿರುಗಿದರು. ಆಲೂಗಡ್ಡೆಯನ್ನು ಒಂದಷ್ಟು ದಿನ ಕೂಡಿಟ್ಟು ದರ ನೋಡಿ ಮಾರಬಹುದು. ಹಸಿ ಚಹಾ ಎಲೆಯನ್ನು ಅದೇ ದಿನ ಕಾರ್ಖಾನೆಗೆ ಒಪ್ಪಿಸಬೇಕು. ದರ ಎಷ್ಟೆಂದು ಗೊತ್ತಾಗುವುದು ಆಮೇಲೆ. ಸೋವಿಯತ್ ಒಕ್ಕೂಟ ಒಡೆದು ಅಲ್ಲಿನ ಖರೀದಿ ಕುಗ್ಗಿದ್ದೂ ಸೇರಿ 1990ರ ದಶಕದ ಕೊನೆಗೆ ಬೆಲೆ ನೆಲಕಚ್ಚಿತು. ಸ್ವಂತ ಹೊಲದ ಯಜಮಾನನೇ ಆದರೂ ತನ್ನ ದುಡಿಮೆಯ ಬೆಲೆಯನ್ನು ಕೂನೂರಿನ ಹರಾಜಿನ ಸುದ್ದಿಯಿಂದ ತಿಳಿಯಬೇಕಾದ ಸ್ಥಿತಿ ಅವನದು. ಕೂಲಿಯವನು ಮೇಸ್ತ್ರಿಯನ್ನು ಬೈದುಕೊಳ್ಳಬಹುದು; ಸಣ್ಣ ಬೆಳೆಗಾರನ ಸಿಟ್ಟಿಗೆ ಎದುರಾಳಿಯೇ ಕಾಣದು. ಅಂದಿನಿಂದ ಬೆಂಬಲ ಬೆಲೆಗಾಗಿ ನಡೆಯುತ್ತ ಬಂದಿರುವ ಉಪವಾಸ, ಮುಷ್ಕರಗಳಿಗೆ ಹಣದ ಬೇಡಿಕೆಯಷ್ಟೇ ಈ ಮುಖವೂ ಇದೆ.

ಕೆಲಸವಿಲ್ಲದ ಹಾಜರಿ

ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ 1967ರಿಂದ ಉದಕಮಂಡಲದಲ್ಲಿ ಫಿಲ್ಮ್ ತಯಾರಿಸಿತು. ದೇಶದ ಎಕ್ಸ್‌ರೇ ಕೋಣೆಗಳಿಗೂ ಕಪ್ಪುಬಿಳುಪಿನ ಕ್ಯಾಮೆರಾಗಳಿಗೂ 'ಇಂದು' ಹೆಸರಿನ ಫಿಲ್ಮ್ ಹೋಗುತ್ತಿದ್ದದ್ದು ಇಲ್ಲಿಂದ. ನೌಕರರ ವಸತಿಗೆ ಇಂದುನಗರ ಎಂದೇ ಹೆಸರಾಯಿತು. ಬೆಳಕು ತಾಗಬಾರದ ಸರಕಿನ ಸುತ್ತ ಕತ್ತಲೆಯಲ್ಲಿ ಕೈ ತಡವರಿಸದೆ ಕೆಲಸ ಮಾಡುವುದು ಅಲ್ಲಿನವರ ಹೆಮ್ಮೆಯ ಕುಶಲತೆ. 1996ರಲ್ಲಿ ಸಂಸ್ಥೆಯನ್ನು ರೋಗಗ್ರಸ್ತವೆಂದು ಘೋಷಿಸಿದರು. ಡಿಜಿಟಲ್ ಬಂದ ಮೇಲೆ ಚೇತರಿಕೆಯ ದಾರಿಯೂ ಮುಚ್ಚಿತು. ಕೇಂದ್ರ ಸರ್ಕಾರ ಸ್ವಯಂ ನಿವೃತ್ತಿ ಯೋಜನೆಗೆ ಒಪ್ಪಿದ್ದು 2014ರಲ್ಲಿ. ನಡುವಿನ ವರ್ಷಗಳಲ್ಲಿ ಉತ್ಪಾದನೆ ಕ್ಷೀಣಿಸುತ್ತ ಹೋದರೂ ನೌಕರಿ ಹೆಸರಿಗೆ ಉಳಿದಿತ್ತು.

ಆಸ್ಟ್ರಿಯದ ಮರೀನ್‌ತಾಲ್ ಎಂಬ ಊರಿನಲ್ಲಿ ಗಿರಣಿ ಮುಚ್ಚಿದ ಮೇಲೆ ಏನಾಯಿತೆಂದು ಮರೀ ಯಹೋಡಾ ಮತ್ತು ಸಂಗಡಿಗರು 1933ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಹೊತ್ತು ಬೇಕಾದಷ್ಟಿದ್ದೂ ಜನ ಗ್ರಂಥಾಲಯದ ಪುಸ್ತಕ ಓದುವುದು ಕಡಿಮೆಯಾಯಿತು, ಗಂಡಸರ ನಡಿಗೆ ನಿಧಾನವಾಯಿತು. ಸಂಬಳದ ಜೊತೆಗೆ ಕೆಲಸವು ದಿನಕ್ಕೊಂದು ಚೌಕಟ್ಟು, ಮನೆಯಾಚೆಗಿನ ಒಡನಾಟ, ನಾನು ಇಂಥವನು ಎಂಬ ಗುರುತು ಕೊಡುತ್ತದೆ ಎಂದು ಯಹೋಡಾ ಮುಂದೆ ವಾದಿಸಿದಳು. ಇಂದುನಗರದ ಕಥೆ ಅದಕ್ಕೊಂದು ತಿದ್ದುಪಡಿ ಹಾಕುತ್ತದೆ. ಇಲ್ಲಿ ಬಹುಕಾಲ ಚೌಕಟ್ಟೂ ಇತ್ತು, ಒಡನಾಟವೂ ಇತ್ತು, ಗುರುತಿನ ಚೀಟಿಯೂ ಇತ್ತು. ಕಸುಬು ಮಾತ್ರ ಕೈಬಿಟ್ಟು ಹೋಗುತ್ತಿತ್ತು. ನಿರುದ್ಯೋಗಿಯ ಸಂಕಟಕ್ಕೆ ಊರಿನ ಅನುಕಂಪವಾದರೂ ಸಿಗುತ್ತದೆ. ಸಂಬಳವಿದ್ದು ಕೆಲಸವಿಲ್ಲದವನಿಗೆ ಸಿಗುವುದು ಕುಹಕ.

ಗೂಡಲೂರು

ಘಟ್ಟದ ಕೆಳಗಿನ ಗೂಡಲೂರಿನ ಚರಿತ್ರೆ ವಯನಾಡಿನ ಕಡೆಗೆ ಮುಖಮಾಡಿದೆ. ಇಲ್ಲಿನ ಪಣಿಯರು ತಲೆಮಾರುಗಳ ಕಾಲ ಭೂಮಾಲೀಕರ ಜೀತದಾಳುಗಳಾಗಿದ್ದರು. ವಯನಾಡಿನ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ದೇವಿಯ ಎದುರು ಮುಂಗಡ ಕೊಟ್ಟು ವರ್ಷಕ್ಕೆ ಆಳು ಗೊತ್ತುಮಾಡುವ ರೂಢಿಯಿತ್ತು. ಒಡೆಯನನ್ನು ಬಿಟ್ಟುಹೋಗುವುದು ಹೀಗೆ ದೇವರಿಗೆ ತಪ್ಪಿ ನಡೆದಂತಾಯಿತು. ಬೇಲಿಯನ್ನು ಆಳಿನ ಮನಸ್ಸಿನೊಳಗೇ ನೆಟ್ಟರೆ ಕಾವಲುಗಾರ ಬೇಕಿಲ್ಲ. 1976ರಲ್ಲಿ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಬಂದರೂ ತಲೆ ಎತ್ತಿ ಮಾತಾಡುವ ರೂಢಿ ಕಾಯ್ದೆಯಿಂದ ಬರಲಿಲ್ಲ.

1980ರ ದಶಕದ ನಡುವಿನಿಂದ ಗೂಡಲೂರಿನಲ್ಲಿ ಅಕಾರ್ಡ್ ಸಂಸ್ಥೆಯೂ ಆದಿವಾಸಿ ಮುನ್ನೇಟ್ರ ಸಂಘವೂ ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟುನಾಯಕ, ಇರುಳರನ್ನು ಒಟ್ಟು ಸೇರಿಸಿದವು. ಭೂಮಿಯ ಹಕ್ಕಿಗಾಗಿ ಅವರು ಕಾಫಿ, ಚಹಾ ಗಿಡ ನೆಟ್ಟರು. ಬೇರೆಯವರ ತೋಟದಲ್ಲಿ ಮಾಡುತ್ತಿದ್ದ ಕೆಲಸವೇ ಅದು. ನೆಲ ತನ್ನದೆಂದಾಗ ಅದೇ ಗುದ್ದಲಿ ಬೇರೆಯಾಯಿತು. ಆದರೆ ಇಲ್ಲಿ ನೆಲ ತನ್ನದೆನ್ನುವುದು ಯಾರಿಗೂ ಸುಲಭವಲ್ಲ. ಜನ್ಮಂ ಎಂಬ ಹಳೆಯ ಭೂ ಒಡೆತನವನ್ನು ರದ್ದುಮಾಡಿದ 1969ರ ಗೂಡಲೂರು ಜನ್ಮಂ ಕಾಯ್ದೆಯ 17ನೇ ಸೆಕ್ಷನ್ನಿನ ಭೂಮಿಗಳು ದಶಕಗಳ ಕಾಲ ವ್ಯಾಜ್ಯದಲ್ಲಿ ಉಳಿದವು. ಸಾವಿರಾರು ಕುಟುಂಬಗಳು ಪಟ್ಟಾ ಇಲ್ಲದೆ, ಎಷ್ಟೋ ಮನೆಗಳು ವಿದ್ಯುತ್ತೂ ಇಲ್ಲದೆ ಬದುಕಿದವು. ನಾಳೆ ಯಾರದೋ ಎಂಬ ನೆಲದಲ್ಲಿ ಮರ ನೆಡುವ ಕೈಗೆ ಉಮೇದು ಎಲ್ಲಿಂದ ಬರಬೇಕು?

ಮಸಿನಗುಡಿ, ತೆಪ್ಪಕಾಡು

ಮಸಿನಗುಡಿ ದನ ಮೇಯಿಸುವ ಪಟ್ಟಿಗಳ ಊರು. ಸಿಂಗಾರ, ಮೋಯಾರು ವಿದ್ಯುತ್ ಯೋಜನೆಗಳು ಅಲ್ಲಿಗೆ ನೌಕರರನ್ನು ತಂದವು. ಆಮೇಲೆ ರೆಸಾರ್ಟು, ಜೀಪು ಸವಾರಿ. ಆನೆ ಹಾದಿಯಲ್ಲಿದ್ದ ರೆಸಾರ್ಟುಗಳಿಗೆ ಸುಪ್ರೀಂ ಕೋರ್ಟಿನ ಆದೇಶದಂತೆ 2018ರಲ್ಲಿ ಬೀಗ ಬಿತ್ತು, 2020ರ ಅಕ್ಟೋಬರಿನ ತೀರ್ಪು ಆನೆ ಹಾದಿಯನ್ನು ಎತ್ತಿಹಿಡಿಯಿತು. ಕಾಡಿಗೆ ಅದು ನ್ಯಾಯ. ಅಡುಗೆಯವರು, ಚಾಲಕರು, ಕೋಣೆ ಗುಡಿಸುವವರು ಮಾತ್ರ ಯಾವ ತಪ್ಪನ್ನೂ ಮಾಡದೆ ತಪ್ಪಿತಸ್ಥರ ಸಾಲಿನಲ್ಲಿ ನಿಂತರು.

ಈ ಭಾಗದಲ್ಲಿ ಕೆಲಸಕ್ಕೆ ಹೋಗುವುದೆಂದರೆ ಕಾಡುಮೃಗದ ದಾರಿಯಲ್ಲಿ ನಡೆಯುವುದೂ ಹೌದು. 2021ರಲ್ಲಿ ಟಿ-23 ಎಂಬ ಹುಲಿ ಗೂಡಲೂರು, ಮಸಿನಗುಡಿ ಸುತ್ತ ಮನುಷ್ಯರನ್ನೂ ದನಗಳನ್ನೂ ಕೊಂದಾಗ ಎಲೆ ಕೀಳುವವರು, ದನ ಮೇಯಿಸುವವರು ವಾರಗಟ್ಟಲೆ ಅಂಜಿ ಕುಳಿತರು. ಅಕ್ಟೋಬರ್ 15ರಂದು ಅರಿವಳಿಕೆ ಕೊಟ್ಟು ಅದನ್ನು ಹಿಡಿದರು. ಜಾಡು ಹಿಡಿಯಲು ಮುಂದೆ ನಡೆದವರಲ್ಲಿ ಸ್ಥಳೀಯ ಆದಿವಾಸಿಗಳೂ ಇದ್ದರು. ಅದೇ ಕಾಡು, ಅದೇ ಹುಲಿ. ಮೃಗದ ನಡೆಯನ್ನು ಓದಬಲ್ಲವನ ಭಯವೂ ಪೊದೆಗೆ ಬೆನ್ನು ಹಾಕಿ ಎಲೆ ಕೀಳಬೇಕಾದವಳ ಭಯವೂ ಒಂದೇ ತರಹದವಲ್ಲ. ರಿವರ್ಸ್‌ನ ಬಲೂನಿನವನನ್ನು ಇಲ್ಲಿ ನೆನೆಯಬಹುದು.

ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ ಮಾವುತ, ಕಾವಾಡಿಗಳ ಕಸುಬು ಆದಿವಾಸಿ ಮನೆತನಗಳಲ್ಲಿ ಸಾಗಿಬಂದಿದೆ. ಆನೆಗೆ ಸ್ನಾನ ಮಾಡಿಸುವುದು, ರಾಗಿ ಮುದ್ದೆ ತಿನ್ನಿಸುವುದು, ಮದವೇರಿದಾಗ ದೂರ ಕಟ್ಟುವುದು ದಿನಚರಿ. ಪ್ರೀತಿಯೂ ಪ್ರಾಣಭಯವೂ ಒಂದೇ ಪ್ರಾಣಿಯ ಮೇಲೆ ಇರುವ ಕೆಲಸ ಲೋಕದಲ್ಲಿ ಹೆಚ್ಚಿಲ್ಲ. ತಾಯಿ ತಪ್ಪಿದ ಮರಿಗಳನ್ನು ಸಾಕಿದ ಬೊಮ್ಮನ್, ಬೆಳ್ಳಿ ದಂಪತಿಯ ಮೇಲೆ ಕಾರ್ತಿಕಿ ಗೊನ್ಸಾಲ್ವಿಸ್ ಮಾಡಿದ 'ದಿ ಎಲಿಫೆಂಟ್ ವಿಸ್ಪರರ್ಸ್' ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂತು. ದೊಡ್ಡದಾದ ರಘು ಎಂಬ ಮರಿಯನ್ನು ಇಲಾಖೆ ಬೇರೆಯವರ ಕೈಗೆ ಒಪ್ಪಿಸುವ ಭಾಗ ಅದರಲ್ಲಿದೆ. ಅಕ್ಕರೆ ಇಲ್ಲದೆ ಆ ಕೆಲಸ ಆಗದು, ಅಕ್ಕರೆ ಬೆಳೆದ ಮೇಲೆ ವರ್ಗಾವಣೆಗೆ ಅಡ್ಡ ಬರಲೂ ಆಗದು.

ಉದಕಮಂಡಲದ ಹೋಟೆಲು, ಕುದುರೆ ಸವಾರಿ, ಟ್ಯಾಕ್ಸಿಗಳಲ್ಲಿ ದುಡಿಯುವವರದು ಇದರ ತಿರುಗುಮುರುಗು: ಇಲ್ಲದ ಅಕ್ಕರೆಯನ್ನು ಮುಖದಲ್ಲಿ ತೋರಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಇಂಥದೇ ಬಲವಂತದ ನಗುವಿನ ಬಗ್ಗೆ ಬರೆದದ್ದು ಇಲ್ಲಿನ ಏಪ್ರಿಲ್, ಮೇ ತಿಂಗಳ ಸೀಸನ್ನಿಗೆ ಚೆನ್ನಾಗಿ ಒಪ್ಪುತ್ತದೆ.

ಹೆಂಗಸರ ಕಸೂತಿ

ತೊದ ಹೆಂಗಸರು ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ನೂಲಿನಿಂದ ಹಾಕುವ ಕಸೂತಿಗೆ 2013ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ನೇಯ್ಗೆಯ ಎಳೆ ಎಣಿಸುತ್ತ ಸಾಗುವ ಕೆಲಸವಿದು. ಎಣಿಕೆಯಲ್ಲಿ ಮನಸ್ಸು ಪೂರ್ತಿ ಮುಳುಗುವ ಈ ಬಗೆಯ ದುಡಿಮೆಯನ್ನು ಮನೋವಿಜ್ಞಾನಿಗಳು ಮೆಚ್ಚಿ ಬರೆಯುತ್ತಾರೆ. ಸಾವಿನಲ್ಲಿ ಹೊದಿಸಲೆಂದು, ಹಬ್ಬದಲ್ಲಿ ಹೊದೆಯಲೆಂದು ಹಾಕುತ್ತಿದ್ದ ಕಸೂತಿ ಈಗ ಅಂಗಡಿಯ ಶಾಲು, ಚೀಲಗಳಿಗೂ ಬಂದಿದೆ. ಆರ್ಡರಿಗೆ ಗಡುವು ಇರುತ್ತದೆ. ಆದರೂ ಮನೆಯ ಮುಂದೆ ಬಿಸಿಲಲ್ಲಿ ಕೂತು, ಹತ್ತಿರದವರೊಡನೆ ಮಾತಾಡುತ್ತ, ಬೇಕಾದಾಗ ಸೂಜಿ ಕೆಳಗಿಡಬಹುದಾದ ಕೆಲಸ ಅದು. ಎಲೆ ಕೀಳುವವಳಿಗೆ ಆ ಸ್ವಾತಂತ್ರ್ಯವಿಲ್ಲ.

ಆರೈಕೆ

ದುಡಿಮೆ ಕುಗ್ಗಿಸಿದ ಮನಸ್ಸಿನ ಆರೈಕೆಯ ಮಾತಿಗೆ ಬಂದರೆ, ಮನೋರೋಗದ ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ಒಯ್ಯುವ ಮಾದರಿ ಸಿದ್ಧವಾದದ್ದು ಕರ್ನಾಟಕದಲ್ಲಿ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ. 2022ರ ಅಕ್ಟೋಬರಿನಿಂದ 14416 ಸಂಖ್ಯೆಯ ಟೆಲಿ-ಮಾನಸ್ ಸೇವೆಯೂ ಇದೆ. ಗೂಡಲೂರಿನಲ್ಲಿ ಅಶ್ವಿನಿ ಸಂಸ್ಥೆ 1990ರಲ್ಲಿ ತೆರೆದ ಆದಿವಾಸಿ ಆಸ್ಪತ್ರೆ ತನ್ನದೇ ಹಾದಿ ಹಿಡಿಯಿತು. ಆದಿವಾಸಿ ಹುಡುಗಿಯರಿಗೇ ನರ್ಸಿಂಗ್ ತರಬೇತಿ ಕೊಟ್ಟಿತು, ಹಾಡಿಗಳಿಂದಲೇ ಆರೋಗ್ಯ ಕಾರ್ಯಕರ್ತರನ್ನು ಆರಿಸಿತು. ಕುಡಿತ, ನಿದ್ದೆಗೇಡು, ಕಾರಣ ತಿಳಿಯದ ಮೈಕೈ ನೋವು ಇಂಥವನ್ನು ದುಡಿಮೆಯ ಸ್ಥಿತಿಯಿಂದ ಬೇರ್ಪಡಿಸಿ ನೋಡುವ ವೈದ್ಯನಿಗಿಂತ, ಅದೇ ತೋಟದಲ್ಲಿ ತಾಯಿ ಎಲೆ ಕಿತ್ತದ್ದನ್ನು ಕಂಡು ಬೆಳೆದ ನರ್ಸಿಗೆ ರೋಗಿಯ ಮಾತು ಬೇಗ ತಿಳಿಯುತ್ತದೆ. ತೋಟದ ಆಸ್ಪತ್ರೆಗಳಲ್ಲಿ ಅಂಥ ನೇಮಕ ವಿರಳ.